ಬಿರುಗಾಳಿಯ ದಾಳ

ಗಣಕದ ಪರದೆಯ ಮೇಲೆ ಸಾಮ್ರಾಜ್ಯ ಕಟ್ಟುವ, ಸೈನ್ಯ ನಡೆಸುವ, ವ್ಯಾಪಾರ ಬೆಳೆಸುವ ಆಟಗಳನ್ನು ಸ್ಟ್ರಾಟೆಜಿ ಗೇಮ್‌ಗಳೆಂದು, ಅಂದರೆ ಕೈಚಳಕಕ್ಕಿಂತ ಮುಂದಾಲೋಚನೆಗೆ ಹೆಚ್ಚು ಬೆಲೆ ಕೊಡುವ ಆಟಗಳೆಂದು ಕರೆಯುವುದು ರೂಢಿಯಾಗಿದ್ದು, ಈ ಆಟಗಳಲ್ಲಿ ನೆಲಕ್ಕೆ ಸಿಕ್ಕಿರುವ ಮರ್ಯಾದೆ ಕಡಲಿಗೆ ಸಿಕ್ಕಿಲ್ಲವೆಂಬುದು ಅವುಗಳ ನಕಾಶೆಯನ್ನು ಸ್ವಲ್ಪ ಹೊತ್ತು ನೋಡಿದವರಿಗೂ ತಿಳಿದುಬಿಡುತ್ತದೆ. ನೆಲದ ಮೇಲೆ ಗುಡ್ಡ ಹತ್ತುವುದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ, ಕಾಡಿನಲ್ಲಿ ಬೀಡುಬಿಟ್ಟ ಪಡೆಯನ್ನು ಸೋಲಿಸುವುದು ಕಷ್ಟವಾಗುತ್ತದೆ, ಹೊಳೆ ದಾಟಿ ದಾಳಿ ಮಾಡಿದರೆ ಬಲ ಕುಂದುತ್ತದೆ. ಕಡಲಾದರೋ ನೀಲಿ ಬಣ್ಣ ಬಳಿದ ಹೆದ್ದಾರಿ. ಒಮ್ಮೆ ನೀರಿಗಿಳಿದ ಹಡಗಿಗೆ ಶತ್ರುವಿನ ಹಡಗು ಎದುರಾಗುವವರೆಗೆ ಯಾವ ಅಂಜಿಕೆಯೂ ಇರುವುದಿಲ್ಲ. 1999ರಲ್ಲಿ ಬಂದು ಇಂದಿಗೂ ಲಕ್ಷಾಂತರ ಜನರ ಅಚ್ಚುಮೆಚ್ಚಾಗಿರುವ ‘ಏಜ್ ಆಫ್ ಎಂಪೈರ್ಸ್ 2’ ಎಂಬ ಆಟದಲ್ಲಿ ಮೀನುದೋಣಿಗಳು ಮಳೆಗಾಲವನ್ನೇ ಕಾಣದೆ ಬಲೆ ಹಾಕುತ್ತಲೇ ಇರುತ್ತವೆ. ಈ ನೀರಸ ನೀರಿಗೆ ಬಿರುಗಾಳಿ, ಮಂಜು, ಬಂಡೆಸಾಲು, ತೇಲುವ ಹಿಮಗಡ್ಡೆ ಮೊದಲಾದ ಆಪತ್ತುಗಳನ್ನು ಆಕಸ್ಮಿಕವಾಗಿ ಎರಗುವಂತೆ ಸೇರಿಸಬೇಕೆಂಬ ಬೇಡಿಕೆ ಹಳೆಯದು. ಅದಕ್ಕೆ ಬರುವ ಆಕ್ಷೇಪವೂ ಅಷ್ಟೇ ಹಳೆಯದು: ಇಡೀ ಸಂಜೆ ಕೂತು ಕಟ್ಟಿದ ನೌಕಾಪಡೆಯನ್ನು ಒಂದು ಗಾಳಿ ನುಂಗಿಹಾಕುವುದಾದರೆ, ಅಷ್ಟು ಹೊತ್ತು ತಲೆ ಓಡಿಸಿದ್ದು ಯಾತಕ್ಕೆ?

ಆಕ್ಷೇಪ ಹಗುರವಾದುದಲ್ಲ, ಏಕೆಂದರೆ ಅದರ ಹಿಂದೆ ಬುದ್ಧಿಯ ಆಟ ಮತ್ತು ಅದೃಷ್ಟದ ಆಟಗಳೆಂಬ ಹಳೆಯ ವಿಭಜನೆಯಿದೆ. ಚದುರಂಗದಲ್ಲಿ ಅದೃಷ್ಟಕ್ಕೆ ಒಂದು ಮನೆಯೂ ಇಲ್ಲ. ಪಗಡೆಯಲ್ಲಿ ದಾಳ ಹೇಳಿದ್ದನ್ನು ಕೇಳಿಕೊಂಡೇ ಕಾಯಿ ನಡೆಸಬೇಕು, ಆದರೆ ಯಾವ ಕಾಯಿಯನ್ನು ನಡೆಸಬೇಕೆಂಬುದು ಆಡುವವರ ಬುದ್ಧಿಗೆ ಬಿಟ್ಟದ್ದು. ಎರಡರ ನಡುವಣ ಗೋಡೆ ಅಷ್ಟೇನೂ ಗಟ್ಟಿಯಾಗಿರಲಿಲ್ಲವೆಂಬುದಕ್ಕೆ ಹನ್ನೊಂದನೆಯ ಶತಮಾನದ ವಿದ್ವಾಂಸ ಅಲ್ ಬಿರೂನಿ ಸಾಕ್ಷಿಯಾಗಿದ್ದಾನೆ. ಭಾರತದಲ್ಲಿ ನಾಲ್ವರು ಕೂತು ದಾಳ ಉರುಳಿಸಿ ಆಡುತ್ತಿದ್ದ ಚದುರಂಗವನ್ನು ಅವನು ವಿವರಿಸಿದ್ದಾನೆ. ಆನೆಯನ್ನು ನಡೆಸಬೇಕೋ ಕುದುರೆಯನ್ನೋ ಎಂಬುದನ್ನು ದಾಳ ಹೇಳುತ್ತಿತ್ತು, ಎಲ್ಲಿಗೆ ನಡೆಸಬೇಕೆಂಬುದನ್ನು ಆಡುವವನು ಹೇಳುತ್ತಿದ್ದ. ಗಣಕದ ಆಟದಲ್ಲಿ ದಾಳದ ಕೆಲಸವನ್ನು ಯಾದೃಚ್ಛಿಕ ಸಂಖ್ಯೆಗಳು ಮಾಡುತ್ತವೆ. ಮುಂದೆ ಯಾವುದು ಬರುವುದೆಂದು ಊಹಿಸಲಾಗದಂತೆ ಕಾಣುವ ಈ ಸಂಖ್ಯೆಗಳು ವಾಸ್ತವವಾಗಿ ‘ಸೀಡ್’ ಎಂದು ಕರೆಯಲಾಗುವ ಒಂದು ಆರಂಭದ ಅಂಕಿಯಿಂದ ಕಟ್ಟುನಿಟ್ಟಿನ ಲೆಕ್ಕದ ಪ್ರಕಾರ ಹುಟ್ಟುತ್ತವೆ. ಅದೇ ಅಂಕಿಯಿಂದ ಹೊರಟರೆ ಅದೇ ಸಾಲು ಮತ್ತೆ ಬರುತ್ತದೆ. ಗಣಕದೊಳಗಿನ ಬಿರುಗಾಳಿ ಹೀಗೆ ಮೊದಲೇ ಬರೆದಿಟ್ಟ ಹಣೆಬರಹವೇ ಆಗಿದ್ದು, ಆಟಗಾರನಿಗೆ ಅದನ್ನು ಓದಲು ಬಾರದು ಎಂಬುದಷ್ಟೇ ಅದರ ಆಕಸ್ಮಿಕತೆ.

ಕಡಲಿನ ಆಪತ್ತನ್ನು ಆಟದೊಳಗೆ ತಂದ ಪ್ರಯತ್ನಗಳಲ್ಲಿ ಅತ್ಯಂತ ಸರಳವಾದುದೂ ಅತ್ಯಂತ ಚತುರವಾದುದೂ 1991ರಲ್ಲಿ ಸಿಡ್ ಮೈಯರ್ ರೂಪಿಸಿದ ‘ಸಿವಿಲೈಸೇಷನ್’ ಆಟದಲ್ಲಿ ಸಿಗುತ್ತದೆ. ಅದರಲ್ಲಿ ನಕಾಶೆ ಬಿಡಿಸುವ ವಿದ್ಯೆಯನ್ನು ಕಲಿತ ನಾಗರಿಕತೆಗೆ ಮೊದಲು ದೊರೆಯುವ ಹಡಗು ಟ್ರೈರೀಮ್, ಅಂದರೆ ಮೂರು ಸಾಲು ಹುಟ್ಟುಗಳಿದ್ದ ಪ್ರಾಚೀನ ಗ್ರೀಕರ ನೌಕೆ. ಒಂದು ಸರದಿಗೆ ಮೂರು ಚೌಕ ಚಲಿಸುವ, ಎರಡು ತುಕಡಿಗಳನ್ನು ಹೊರಬಲ್ಲ ಈ ನೌಕೆಗೆ ಒಂದೇ ಒಂದು ಕಟ್ಟುಪಾಡು: ಸರದಿ ಮುಗಿಯುವಾಗ ಅದು ನೆಲಕ್ಕೆ ತಾಗಿದ ಚೌಕದಲ್ಲಿರಬೇಕು; ಇಲ್ಲವಾದರೆ ಅದು ಕಡಲಪಾಲಾಗುವ ಸಂಭವ ನೂರಕ್ಕೆ ಐವತ್ತು. ಪರದೆಯ ಮೇಲೆ ಗುಡುಗಿಲ್ಲ, ಸುಳಿಯಿಲ್ಲ, ಎದ್ದುಬರುವ ಅಲೆಯ ಚಿತ್ರವೂ ಇಲ್ಲ. ಆದರೂ ಇನ್ನೂ ನೋಡದ ಜಾಗಗಳನ್ನು ಮುಚ್ಚಿರುವ ಕಪ್ಪು ಮುಸುಕಿನ ಅಂಚಿಗೆ ಬಂದು ನಿಂತ ಆಟಗಾರನ ಮನಸ್ಸಿನಲ್ಲಿ ನಡೆಯುವ ಲೆಕ್ಕಾಚಾರವನ್ನು ಗಮನಿಸಬೇಕು. ಆಚೆ ಎರಡು ಚೌಕ ದಾಟಿದರೆ ದಡ ಸಿಗಬಹುದು, ಸಿಗದೆಯೂ ಇರಬಹುದು. ಹಡಗಿನಲ್ಲಿ ಹೊಸ ಊರು ಕಟ್ಟಲು ಹೊರಟ ವಲಸಿಗರಿದ್ದಾರೆ, ಅವರನ್ನು ಕಳೆದುಕೊಂಡರೆ ತವರಿನ ಊರು ಸೊರಗುತ್ತದೆ. ಹೋಗದಿದ್ದರೆ ಆ ದ್ವೀಪವನ್ನು ಬೇರೆಯವರು ಹಿಡಿಯುತ್ತಾರೆ. ಜನರನ್ನು ಇಳಿಸಿ ಬರಿ ಹಡಗನ್ನು ಮೊದಲು ಕಳುಹಿಸುವವರಿದ್ದಾರೆ, ದಡದ ಏರಿಳಿತವನ್ನೇ ಅನುಸರಿಸಿ ಸುತ್ತುದಾರಿ ಹಿಡಿಯುವವರಿದ್ದಾರೆ, ಇರುವುದೆಲ್ಲವನ್ನೂ ಹೇರಿ ನುಗ್ಗುವವರೂ ಇದ್ದಾರೆ. ದಾಳವನ್ನು ಉರುಳಿಸುವುದು ಯಂತ್ರವಾದರೂ ಉರುಳಿಸಬೇಕೋ ಬೇಡವೋ ಎಂಬ ತೀರ್ಮಾನ ಆಟಗಾರನದೇ ಆಗಿರುವುದರಿಂದ, ಮುಳುಗಿದಾಗ ಅವನು ಬೈದುಕೊಳ್ಳುವುದು ತನ್ನನ್ನೇ.

ಈ ನಿಯಮದ ಮುಂದಿನ ಪಾಡು ಆಟಗಳ ಚರಿತ್ರೆಯಲ್ಲಿ ಸಣ್ಣದಾದರೂ ಅರ್ಥವತ್ತಾದ ಅಧ್ಯಾಯ. ಅದೇ ಸರಣಿಯ ಎರಡನೆಯ ಆಟದಲ್ಲಿ ನೌಕಾಯಾನದ ಜ್ಞಾನ ಬೆಳೆದಂತೆ ಮುಳುಗುವ ಸಂಭವ ಕಡಿಮೆಯಾಗುತ್ತ ಹೋಗುವ ಏರ್ಪಾಡಿತ್ತು. 2001ರ ಮೂರನೆಯ ಆಟದಲ್ಲಿಯೂ ಹಳೆಯ ಕಾಲದ ನೌಕೆ ಆಳದ ನೀರಿನಲ್ಲಿ ಸರದಿ ಮುಗಿಸಿದರೆ ಮುಳುಗುವ ಭಯವಿತ್ತು. 2005ರ ನಾಲ್ಕನೆಯ ಆಟಕ್ಕೆ ಬರುವಷ್ಟರಲ್ಲಿ ದಾಳವನ್ನು ಕಿತ್ತುಹಾಕಿ ಅದರ ಜಾಗದಲ್ಲಿ ಬೇಲಿ ಹಾಕಲಾಯಿತು: ಹಳೆಯ ನೌಕೆಗಳು ದಡ ಬಿಟ್ಟು ತೆರೆದ ಸಾಗರಕ್ಕೆ ಹೋಗುವಂತೆಯೇ ಇಲ್ಲ. ಅಪಾಯವಿದ್ದ ಕಡೆ ನಿಷೇಧ ಬಂದಿತು. ಆಟಗಾರ ಕೋಪಿಸಿಕೊಳ್ಳುವ ಸಂದರ್ಭ ತಪ್ಪಿತು, ಅದರೊಂದಿಗೆ ಅವನು ಎದೆಗಾರಿಕೆ ತೋರುವ ಸಂದರ್ಭವೂ ತಪ್ಪಿತು. ಹದಿನಾಲ್ಕು ವರ್ಷಗಳ ನಂತರ, 2019ರ ಫೆಬ್ರವರಿಯಲ್ಲಿ, ಆರನೆಯ ಆಟಕ್ಕೆ ‘ಗ್ಯಾದರಿಂಗ್ ಸ್ಟಾರ್ಮ್’ ಎಂಬ ವಿಸ್ತರಣೆ ಬಂದಾಗ ದಾಳ ಬೇರೆ ವೇಷದಲ್ಲಿ ಮರಳಿತು. ನೆರೆ, ಬರ, ಜ್ವಾಲಾಮುಖಿ, ಹಿಮಗಾಳಿಗಳ ಜೊತೆಗೆ ಸಾಗರದಲ್ಲಿ ಚಂಡಮಾರುತಗಳು ಹುಟ್ಟಿ, ನಕಾಶೆಯ ಮೇಲೆ ಕೆಲವು ಸರದಿಗಳ ಕಾಲ ಸುತ್ತುತ್ತ ಸಾಗಿ, ದಾರಿಯಲ್ಲಿ ಸಿಕ್ಕ ಹಡಗುಗಳನ್ನು ಜಖಂಗೊಳಿಸುವ ವ್ಯವಸ್ಥೆ ಅದರಲ್ಲಿದೆ. ಆಪತ್ತುಗಳ ತೀವ್ರತೆಯನ್ನು ಆಟದ ಆರಂಭದಲ್ಲಿಯೇ 0ಯಿಂದ 4ರವರೆಗೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು, ಕಾರ್ಖಾನೆಗಳ ಹೊಗೆ ಹೆಚ್ಚಿದಂತೆ ವಾಯುಗುಣ ಕೆಟ್ಟು ಆಪತ್ತುಗಳೂ ಹೆಚ್ಚುತ್ತವೆ. ನೋಡಲು ಅದು ನಿಜಕ್ಕೂ ಭವ್ಯವಾಗಿದೆ. ಆದರೆ ನೆರೆ ಮತ್ತು ಜ್ವಾಲಾಮುಖಿಗಳ ವಿಷಯದಲ್ಲಿ ಆ ಆಟ ತೋರಿದ ಜಾಣ್ಮೆಯನ್ನು, ಅಂದರೆ ಹೊಳೆದಂಡೆಯ ಫಲವತ್ತಾದ ನೆಲಕ್ಕೆ ಆಸೆಪಟ್ಟು ನೆರೆಯ ಭಯವನ್ನು ಒಪ್ಪಿಕೊಳ್ಳುವಂತೆ ಮಾಡಿದ ಜಾಣ್ಮೆಯನ್ನು, ಕಡಲಿನ ವಿಷಯದಲ್ಲಿ ತೋರಿಲ್ಲ. ಚಂಡಮಾರುತ ಬರುತ್ತದೆ, ಹಡಗು ಅಲ್ಲಿದ್ದರೆ ಪೆಟ್ಟು ತಿನ್ನುತ್ತದೆ. ಅಷ್ಟೇ.

ಆಟಗಾರನ ಮನಸ್ಸು ಇಂಥ ಪೆಟ್ಟುಗಳನ್ನು ಹೇಗೆ ಸ್ವೀಕರಿಸುತ್ತದೆ ಎಂಬುದನ್ನು ಮೈಯರ್ ಅವರೇ 2010ರಲ್ಲಿ ಆಟ ತಯಾರಕರ ಸಮ್ಮೇಳನದಲ್ಲಿ ಮಾಡಿದ ಭಾಷಣದಲ್ಲಿ ವಿವರಿಸಿದ್ದಾರೆ. ಮೂರಕ್ಕೆ ಒಂದರಂತೆ ತನ್ನ ಪರವಾಗಿದ್ದ ಕಾಳಗವನ್ನು ಸೋತವನು ಯಂತ್ರ ಮೋಸ ಮಾಡಿತೆನ್ನುತ್ತಾನೆ, ಒಂದಕ್ಕೆ ಮೂರರಂತೆ ತನಗೆ ಎದುರಾಗಿದ್ದ ಕಾಳಗವನ್ನು ಗೆದ್ದವನು ತನ್ನ ಜಾಣ್ಮೆಯಿಂದ ಗೆದ್ದೆನೆಂದೇ ನಂಬುತ್ತಾನೆ. ಗಣಿತದ ಕಣ್ಣಿಗೆ ಎರಡೂ ಒಂದೇ. ಮನಸ್ಸಿನ ಕಣ್ಣಿಗೆ ಮೊದಲನೆಯದು ಅನ್ಯಾಯ, ಎರಡನೆಯದು ನ್ಯಾಯ. ಈ ಅನ್ಯಾಯಕ್ಕೆ ಆಟಗಾರರು ಕಂಡುಕೊಂಡ ಪರಿಹಾರವೂ ಇದೆ: ಹಡಗು ಹೊರಡುವ ಮೊದಲು ಆಟವನ್ನು ಸೇವ್ ಮಾಡಿಟ್ಟುಕೊಂಡು, ಮುಳುಗಿದರೆ ಮತ್ತೆ ಅಲ್ಲಿಂದಲೇ ಆರಂಭಿಸುವುದು. ಇದನ್ನು ತಡೆಯಲೆಂದೇ ಸೀಡ್ ಅಂಕಿಯನ್ನೂ ಜೊತೆಗೇ ಉಳಿಸಿಡುವ ಉಪಾಯವನ್ನು ವಿನ್ಯಾಸಕಾರರು ಹೂಡಿದರು; ಹತ್ತು ಸಲ ಹಿಂದಕ್ಕೆ ಹೋಗಿ ಬಂದರೂ ಅದೇ ಗಾಳಿ ಅದೇ ಹಡಗನ್ನು ಮುಳುಗಿಸುತ್ತದೆ. ವಿಧಿಯೊಡನೆ ಚೌಕಾಸಿ ಮಾಡುವ ಮನುಷ್ಯನಿಗೂ ಬಗ್ಗದ ವಿಧಿಗೂ ನಡುವಣ ಹಗ್ಗಜಗ್ಗಾಟಕ್ಕೆ ಇದಕ್ಕಿಂತ ಸ್ಪಷ್ಟವಾದ ರೂಪ ಪುರಾಣಗಳಲ್ಲಿಯೂ ಅಪರೂಪ.

ಆದರೆ ನಿಜವಾದ ಕಡಲಿನ ಆಪತ್ತುಗಳು ಆಟಗಾರರು ದೂರುವಷ್ಟು ಕುರುಡಾಗಿರುತ್ತವೆಯೇ? ಪ್ರಾಚೀನ ಜಗತ್ತಿನ ಅತಿ ದೊಡ್ಡ ನೌಕಾ ದುರಂತವೆಂದು ಹೆಸರಾದ ಘಟನೆಯನ್ನೇ ಪರಿಶೀಲಿಸಬಹುದು. ರೋಮ್ ಮತ್ತು ಕಾರ್ಥೇಜ್‌ಗಳ ನಡುವಣ ಮೊದಲ ಯುದ್ಧದಲ್ಲಿ, ಕ್ರಿಸ್ತಪೂರ್ವ 255ರಲ್ಲಿ, ಆಫ್ರಿಕದಿಂದ ಗೆದ್ದು ಮರಳುತ್ತಿದ್ದ ರೋಮನ್ ನೌಕಾಪಡೆ ಸಿಸಿಲಿಯ ದಕ್ಷಿಣ ತೀರದ ಕಮರಿನ ಎಂಬಲ್ಲಿ ಬಿರುಗಾಳಿಗೆ ಸಿಕ್ಕಿತು. 364 ಹಡಗುಗಳಲ್ಲಿ ಉಳಿದವು 80 ಮಾತ್ರವೆಂದು ಇತಿಹಾಸಕಾರ ಪೊಲಿಬಿಯಸ್ ಬರೆದಿದ್ದಾನೆ. ಇದು ದಾಳದ ಆಟವೆಂದು ಹೇಳಿ ಸುಮ್ಮನಾಗಲು ಅವನು ಸಿದ್ಧನಿಲ್ಲ. ಆ ತೀರ ಬಂಡೆಗಳಿಂದ ತುಂಬಿದ್ದು ಸುರಕ್ಷಿತವಾದ ತಂಗುದಾಣಗಳಿಲ್ಲವೆಂದೂ, ಮಹಾವ್ಯಾಧ ಮತ್ತು ಲುಬ್ಧಕ ನಕ್ಷತ್ರಗಳ ಉದಯದ ನಡುವಣ ಆ ಅವಧಿ ಯಾನಕ್ಕೆ ತಕ್ಕುದಲ್ಲವೆಂದೂ ಚುಕ್ಕಾಣಿ ಹಿಡಿದವರು ಮತ್ತೆ ಮತ್ತೆ ಎಚ್ಚರಿಸಿದ್ದರು. ದಾರಿಯ ಮೇಲಿನ ಕೆಲವು ಊರುಗಳನ್ನು ತಮ್ಮ ಗೆಲುವಿನ ಠೀವಿಯಿಂದ ಬೆದರಿಸಿ ವಶಪಡಿಸಿಕೊಳ್ಳುವ ಆಸೆಯಿಂದ ದಂಡನಾಯಕರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನೆಲದ ಮೇಲೆ ಬಲಪ್ರಯೋಗದಿಂದ ಎಲ್ಲವನ್ನೂ ಸಾಧಿಸಿದ ರೋಮನ್ನರು ಗಾಳಿ ನೀರುಗಳ ಮೇಲೆಯೂ ಅದನ್ನೇ ಪ್ರಯೋಗಿಸಲು ಹೋಗಿ ಕೆಡುತ್ತಾರೆಂಬುದು ಅವನ ತೀರ್ಪು. ಅವರು ಮೂರು ತಿಂಗಳಲ್ಲಿ 220 ಹಡಗುಗಳನ್ನು ಹೊಸದಾಗಿ ಕಟ್ಟಿದರು, ಎರಡು ವರ್ಷಗಳೊಳಗೆ ಮತ್ತೊಂದು ಬಿರುಗಾಳಿಯಲ್ಲಿ 150ಕ್ಕೂ ಹೆಚ್ಚನ್ನು ಕಳೆದುಕೊಂಡರು. ಯಾವ ವಿಡಿಯೊ ಗೇಮ್ ಆಟಗಾರನೂ ಇದಕ್ಕಿಂತ ಮೊಂಡನಾಗಿರಲಾರ.

ಕನ್ನಡದ ಕರಾವಳಿಗೆ ತಾಗಿದಂತೆಯೇ ಇನ್ನೊಂದು ನಿದರ್ಶನವಿದೆ. 1498ರ ಏಪ್ರಿಲ್ ಕೊನೆಯಲ್ಲಿ ಪೂರ್ವ ಆಫ್ರಿಕದ ಮಾಲಿಂದಿಯಿಂದ ಅಲ್ಲಿಯೇ ದೊರೆತ ಮಾರ್ಗದರ್ಶಕನ ನೆರವಿನಿಂದ ಹೊರಟ ವಾಸ್ಕೊ ಡ ಗಾಮನ ಹಡಗುಗಳು ನೈರುತ್ಯದ ಗಾಳಿಯನ್ನು ಹಿಡಿದು ಇಪ್ಪತ್ತಮೂರು ದಿನಗಳಲ್ಲಿ ಅರಬ್ಬೀ ಕಡಲನ್ನು ದಾಟಿದವು. ಮರಳುವಾಗ ಅವನು ಕಾರವಾರದ ಎದುರಿನ ಅಂಜದೀವ್ ದ್ವೀಪದಿಂದ ಅಕ್ಟೋಬರ್ ಮೊದಲ ವಾರದಲ್ಲಿಯೇ ಹೊರಟುಬಿಟ್ಟ. ಮಳೆಗಾಲದ ಗಾಳಿ ಅಡಗಿ ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರದ ಕಾಲವದು. ಒಮ್ಮೆ ಗಾಳಿಯೇ ಇಲ್ಲದೆ, ಒಮ್ಮೆ ಎದುರುಗಾಳಿಗೆ ಸಿಕ್ಕಿ ತೊಳಲಾಡಿದ ಹಡಗುಗಳಿಗೆ ಆಫ್ರಿಕದ ದಡ ಕಂಡದ್ದು ಜನವರಿ 2ರಂದು. ತಾಜಾ ಹಣ್ಣು ತರಕಾರಿಗಳಿಲ್ಲದೆ ಒಸಡು ಊದಿ ಕೊಳೆಯುವ ಸ್ಕರ್ವಿ ರೋಗಕ್ಕೆ ಆ ಒಂದೇ ದಾಟಿನಲ್ಲಿ ಸುಮಾರು ಮೂವತ್ತು ಮಂದಿ ಬಲಿಯಾದರು, ಉಳಿದವರು ಮೂರು ಹಡಗು ನಡೆಸಲು ಸಾಲದೆ ಒಂದನ್ನು ಸುಟ್ಟುಹಾಕಬೇಕಾಯಿತು. ಅದೇ ಕಡಲು, ಅದೇ ಹಡಗುಗಳು, ಅದೇ ನಾವಿಕರು. ಬೇರೆಯಾಗಿದ್ದದ್ದು ತಿಂಗಳು ಮಾತ್ರ. ಆ ತೀರದ ವ್ಯಾಪಾರಿಗಳಿಗೆ ಪಂಚಾಂಗದಂತೆ ಬಾಯಿಪಾಠವಾಗಿದ್ದ ಗಾಳಿ ಹೊಸಬನ ಪಾಲಿಗೆ ದುರದೃಷ್ಟವಾಗಿ ಪರಿಣಮಿಸಿತು. ಇಂದಿಗೂ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನ ವೃದ್ಧಿಗಾಗಿ ವಿಧಿಸಿದ ನಿಯಮವಾದರೂ ಅದು ಮಳೆಗಾಲದ ಕಡಲಿನ ಸ್ವಭಾವಕ್ಕೆ ಹೊಂದಿಕೊಂಡೇ ಇದೆ. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಮರಳದಿಬ್ಬ ಜಾಗ ಬದಲಿಸುವುದರಿಂದ, ನಡುಗಡಲನ್ನು ಗೆದ್ದು ಬಂದ ದೋಣಿ ಮನೆಯ ಬಾಗಿಲಲ್ಲೇ ಮಗುಚುವುದುಂಟೆಂಬುದನ್ನು ಕರಾವಳಿಯ ಮಕ್ಕಳೂ ಬಲ್ಲರು. ಬಂದರಿನ ಬಾಯಿಯೇ ಅತ್ಯಂತ ಅಪಾಯದ ಚೌಕವೆಂದು ಬಗೆದ ಸ್ಟ್ರಾಟೆಜಿ ಗೇಮ್ ಮಾತ್ರ ವಿರಳ.

ಇಲ್ಲಿ ವಿನ್ಯಾಸಕಾರರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. 1991ರ ಆಟ ಕ್ರಿಸ್ತಪೂರ್ವ 4000ದಲ್ಲಿ ಆರಂಭವಾಗಿ ಪ್ರಾಚೀನ ಕಾಲದುದ್ದಕ್ಕೂ ಒಂದೊಂದು ಸರದಿಗೆ ಇಪ್ಪತ್ತು ವರ್ಷಗಳಂತೆ ಮುಂದೆ ಸಾಗುತ್ತದೆ. ಆ ಲೆಕ್ಕದಲ್ಲಿ ಮೂರು ಸರದಿ ನೀರಿನ ಮೇಲಿದ್ದ ಟ್ರೈರೀಮ್ ಅರವತ್ತು ವರ್ಷ ಯಾನ ಮಾಡಿದಂತಾಗುತ್ತದೆ, ಅದರ ನಾವಿಕರಿಗೆ ಹಡಗಿನಲ್ಲಿಯೇ ಮೊಮ್ಮಕ್ಕಳಾಗಿರಬೇಕು. ಇಪ್ಪತ್ತು ವರ್ಷದ ಸರದಿಯಲ್ಲಿ ಇಪ್ಪತ್ತು ಮಳೆಗಾಲಗಳೂ ಇಪ್ಪತ್ತು ಬೇಸಿಗೆಗಳೂ ಕರಗಿಹೋಗುವುದರಿಂದ ಋತುವಿಗೆ ಅಲ್ಲಿ ಅಸ್ತಿತ್ವವೇ ಇಲ್ಲ. ಋತುಗಳೆಲ್ಲವನ್ನೂ ಒತ್ತಿ ಒಂದು ಸಂಭವಾಂಕವನ್ನಾಗಿ ಮಾಡುವುದೊಂದೇ ಉಳಿಯುವ ದಾರಿ, ಆ ಶೇಕಡಾ ಐವತ್ತು ಅಂಥದೊಂದು ಸಾರ. ಆದರೆ ದಿನದಿನವೂ ಕಾಲ ಸರಿಯುವ ಆಟಗಳಿಗೆ ಈ ನೆಪ ಸಲ್ಲುವುದಿಲ್ಲ. 2013ರ ‘ಯುರೋಪ ಯೂನಿವರ್ಸಾಲಿಸ್ 4’ ಅಂಥ ಆಟ. ಅದರಲ್ಲಿ ಸರಬರಾಜಿನ ಎಲ್ಲೆ ಮೀರಿ ದೂರ ಹೋದ ಹಡಗುಗಳು ಸವೆಯುತ್ತ ಹೋಗುತ್ತವೆ. ಗಾಮನ ಹಡಗುಗಳಿಗೆ ಆದದ್ದನ್ನು ಇದು ಒಂದು ಮಟ್ಟಿಗೆ ಹಿಡಿದುಕೊಡುತ್ತದೆಯಾದರೂ ಬೇಸಿಗೆಗೂ ಮಳೆಗಾಲಕ್ಕೂ ಇರುವ ವ್ಯತ್ಯಾಸ ಅಲ್ಲಿಯೂ ಕಡಲಿಗೆ ಇಳಿದಿಲ್ಲ.

ಹಾಗಾದರೆ ಸೇರಿಸಬೇಕಾದ ಆಪತ್ತು ಎಂಥದು? ಉತ್ತರ ಪವನಶಾಸ್ತ್ರದಲ್ಲಿಯೇ ಅಡಗಿದೆ. ಚಂಡಮಾರುತಗಳು ಸಮಭಾಜಕದಿಂದ ಆಚೀಚೆ ಸುಮಾರು ಐದು ಡಿಗ್ರಿಯೊಳಗೆ ಹುಟ್ಟುವುದು ತೀರ ಅಪರೂಪ, ಏಕೆಂದರೆ ಗಾಳಿಯನ್ನು ಸುರುಳಿಯಾಗಿ ತಿರುಗಿಸಲು ಬೇಕಾದ, ಭೂಮಿಯ ಅಕ್ಷಭ್ರಮಣದಿಂದ ಉಂಟಾಗುವ ಬಲ ಅಲ್ಲಿ ಸಾಲದು. ಅರಬ್ಬೀ ಕಡಲಿನಲ್ಲಿ ಅವು ಹೆಚ್ಚಾಗಿ ಮಳೆಗಾಲದ ಹಿಂದುಮುಂದಿನ ತಿಂಗಳುಗಳಲ್ಲಿ ಏಳುತ್ತವೆ. ಹುಟ್ಟಿದ ಮೇಲೆ ಅವಕ್ಕೆ ಒಂದು ರಚನೆಯಿರುತ್ತದೆ. ಉತ್ತರಾರ್ಧ ಗೋಳದಲ್ಲಿ ಅವು ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಗಾಳಿಗೆ ಬೆನ್ನು ಕೊಟ್ಟು ನಿಂತವನ ಎಡಕ್ಕೆ ಅದರ ಕೇಂದ್ರವಿರುತ್ತದೆ. ಸಾಗುವ ದಿಕ್ಕಿನ ಬಲಭಾಗದಲ್ಲಿ ಸುತ್ತುವ ವೇಗಕ್ಕೆ ಸಾಗುವ ವೇಗವೂ ಕೂಡಿಕೊಂಡು ಹಡಗನ್ನು ಬಿರುಗಾಳಿಯ ದಾರಿಗೇ ಎಳೆದುತರುತ್ತದೆ, ಎಡಭಾಗದಲ್ಲಿ ಅದೇ ಗಾಳಿ ಹಡಗನ್ನು ಹಿಂದಕ್ಕೆ, ಸುರಕ್ಷಿತ ನೀರಿನ ಕಡೆಗೆ ತಳ್ಳುತ್ತದೆ. ಹಾಯಿ ಹಡಗಿನ ಕಪ್ತಾನನಿಗೆ ಈ ತಿಳಿವಳಿಕೆ ಜೀವನ್ಮರಣದ ಪ್ರಶ್ನೆಯಾಗಿತ್ತು. ನಕಾಶೆಯ ಮೇಲೆ ಎಲ್ಲ ಬದಿಗೂ ಒಂದೇ ಹಾನಿ ಮಾಡುವ ಬಿಳಿ ಸುರುಳಿಯೊಂದನ್ನು ತೇಲಿಬಿಡುವ ಬದಲು ಈ ಎಡಬಲದ ಭೇದವೊಂದನ್ನು ಅಳವಡಿಸಿದರೂ ಸಾಕು, ಆಟಗಾರನಿಗೆ ಮಾಡಲು ಕೆಲಸ ಸಿಗುತ್ತದೆ: ಯಾವ ಕಡೆ ತಿರುಗಬೇಕು, ಸರಕನ್ನು ನೀರಿಗೆಸೆದು ಹಗುರಾಗಬೇಕೆ, ಪಡೆಯನ್ನು ಚದುರಿಸಬೇಕೆ.

ಮುನ್ಸೂಚನೆಯನ್ನೂ ಒಂದು ವಿದ್ಯೆಯಾಗಿ ಆಟದೊಳಗೆ ಬೆಳೆಸಬಹುದು. ನಾಗರಿಕತೆಗಳು ಬಂದೂಕನ್ನು ಕಲಿಯುವ ಈ ಆಟಗಳಲ್ಲಿ ಗಾಳಿಯನ್ನು ಓದಲು ಕಲಿಯುವುದು ಯಾಕೋ ಅಪರೂಪ. 1859ರ ಅಕ್ಟೋಬರಿನಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ವೇಲ್ಸ್ ತೀರದಲ್ಲಿ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತ ಬಳಿಕ, ಬ್ರಿಟನ್ನಿನ ಹವಾಮಾನ ಅಧಿಕಾರಿ ರಾಬರ್ಟ್ ಫಿಟ್ಸ್‌ರಾಯ್ 1861ರಲ್ಲಿ ಟೆಲಿಗ್ರಾಫ್ ಮೂಲಕ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕಳುಹಿಸುವ ವ್ಯವಸ್ಥೆಯನ್ನು ಆರಂಭಿಸಿದ. 1864ರ ಚಂಡಮಾರುತದಿಂದ ಜರ್ಜರಿತವಾದ ಕಲ್ಕತ್ತ ಬಂದರಿಗೆ ಅಂಥ ವ್ಯವಸ್ಥೆ ಮರುವರ್ಷವೇ ಬಂದಿತು. ಇಂದು ಭಾರತದ ಬಂದರುಗಳಲ್ಲಿ ಏರಿಸುವ ಅಪಾಯಸೂಚಕ ಸಂಕೇತಗಳಿಗೆ ಒಂದರಿಂದ ಹನ್ನೊಂದರವರೆಗೆ ಕ್ರಮಾಂಕಗಳಿವೆ. ಆಟದ ಆರಂಭದಲ್ಲಿ ಬರಿ ಮೋಡದ ಬಣ್ಣ, ಮುಂದೆ ವಾಯುಭಾರಮಾಪಕ, ಆಮೇಲೆ ತಂತಿ, ಕೊನೆಗೆ ಉಪಗ್ರಹ ಎಂಬ ಕ್ರಮದಲ್ಲಿ ಬಿರುಗಾಳಿಯ ಸುಳಿವು ಒಂದೊಂದು ಸರದಿ ಮೊದಲೇ ಸಿಗುತ್ತ ಹೋಗುವಂತಾದರೆ ದಾಳ ದಾಳವಾಗಿಯೇ ಉಳಿಯುತ್ತದೆ, ಆದರೆ ಅದು ಉರುಳುವ ಸದ್ದು ಜಾಣನ ಕಿವಿಗೆ ಮೊದಲು ಬೀಳುತ್ತದೆ. ಸುಳಿವು ಸಿಕ್ಕ ಮೇಲೂ ದುರಾಸೆಯಿಂದ ಹೊರಡುವ ಸ್ವಾತಂತ್ರ್ಯ ಇದ್ದೇ ಇರುತ್ತದೆ, ರೋಮನ್ ದಂಡನಾಯಕರಿಗೆ ಇದ್ದಂತೆ.

ಎಲ್ಲ ಆಪತ್ತುಗಳೂ ಇಷ್ಟು ವಿವೇಕಕ್ಕೆ ಬಗ್ಗುವುದಿಲ್ಲವೆಂಬುದೂ ನಿಜ. 1995ರ ಹೊಸ ವರ್ಷದ ದಿನ ಉತ್ತರ ಸಮುದ್ರದ ಡ್ರಾಪ್ನರ್ ಅನಿಲ ವೇದಿಕೆಯಲ್ಲಿ 25.6 ಮೀಟರ್ ಎತ್ತರದ ಒಂಟಿ ಅಲೆಯೊಂದು ದಾಖಲಾದದ್ದು ಅಂಥ ಅಲೆಗಳು ನಾವಿಕರ ಕಟ್ಟುಕತೆಯಲ್ಲವೆಂಬುದಕ್ಕೆ ಗಟ್ಟಿ ಪುರಾವೆಯಾಯಿತು. ಅದನ್ನು ಆಟಕ್ಕೆ ತರುವುದರಿಂದ ಏನೂ ಲಾಭವಿಲ್ಲ. ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲದ ಪೆಟ್ಟು ನಿಜವಾಗಿದ್ದ ಮಾತ್ರಕ್ಕೆ ಆಟದಲ್ಲಿ ರುಚಿಸುವುದಿಲ್ಲ. ಬದಲಾಗಿ ನಷ್ಟವನ್ನು ಹಂಚಿಕೊಳ್ಳುವ ಹಳೆಯ ಉಪಾಯಗಳನ್ನು ತರಬಹುದು. ಪ್ರಾಚೀನ ಗ್ರೀಸಿನಲ್ಲಿ ಹಡಗು ಮುಳುಗಿದರೆ ತೀರಿಸಬೇಕಾಗಿಲ್ಲದ, ಸುಖವಾಗಿ ಮರಳಿದರೆ ಭಾರಿ ಬಡ್ಡಿ ಕೊಡಬೇಕಾದ ಕಡಲ ಸಾಲವೆಂಬ ಪದ್ಧತಿಯಿತ್ತು. ಆಟದ ಬೊಕ್ಕಸಕ್ಕೆ ಅಂಥದೊಂದು ಸಾಲ ಸಿಗುವಂತಿದ್ದರೆ ಬಿರುಗಾಳಿ ಬರೀ ಹಡಗಿನ ಚಿಂತೆಯಾಗಿ ಉಳಿಯದೆ ಲೆಕ್ಕಪುಸ್ತಕದ ಚಿಂತೆಯೂ ಆಗುತ್ತಿತ್ತು.

ಇವೆಲ್ಲವನ್ನೂ ತೂಗಿನೋಡಿದರೆ, ಚಿತ್ರವೇ ಇಲ್ಲದ 1991ರ ಆ ಒಂದು ಸಾಲಿನ ನಿಯಮ ಕಡಲನ್ನು ಕಡಲಾಗಿಸಿದಷ್ಟು ಮಟ್ಟಿಗೆ 2019ರ ಕಣ್ಣು ಕೋರೈಸುವ ಚಂಡಮಾರುತ ಆಗಿಸಿಲ್ಲವೆಂದೇ ಹೇಳಬೇಕಾಗುತ್ತದೆ. ಆದ್ದರಿಂದ ತಮ್ಮ ಆಟದ ಸಮುದ್ರಕ್ಕೆ ಆಪತ್ತುಗಳನ್ನು ಸೇರಿಸಲು ಹೊರಟವರು ಮೊದಲು ಎಚ್ಚರಿಕೆಯ ನಿಯಮವನ್ನೂ ಅದನ್ನು ಕಡೆಗಣಿಸಿದರೆ ಸಿಗಬಹುದಾದ ಲಾಭವನ್ನೂ ಬರೆದಿಟ್ಟುಕೊಳ್ಳಲಿ. ಗಾಳಿಯ ಚಿತ್ರವನ್ನು ಆಮೇಲೆ ಬಿಡಿಸಿದರೂ ಆದೀತು.